ನಡುಮೈದಾನದ ಡುವಾರ್ಟೆ

ಬೇರೆಯವರ ಕುತ್ತಿಗೆ, ಸೊಂಟ, ಮಂಡಿ, ಹಿಮ್ಮಡಿಗಳನ್ನು ಹಿಡಿದುಕೊಂಡೇ ನನ್ನ ಬದುಕಿನ ಬಹುಭಾಗ ಕಳೆಯಿತು. ಕಳೆದ ಬೇಸಿಗೆಯಲ್ಲಿ ನಿವೃತ್ತಳಾದೆ. ಈಗ ಬೆಳಗ್ಗೆ ಎದ್ದರೆ ಹಿಡಿಯಲು ಚಹಾದ ಕಪ್ಪು ಬಿಟ್ಟು ಬೇರೇನೂ ಇಲ್ಲ. ಆದರೆ ಕೈಗಳು ಸುಮ್ಮನಿರಲು ಒಪ್ಪುವುದಿಲ್ಲ, ಕಣ್ಣಂತೂ ಒಪ್ಪುವುದೇ ಇಲ್ಲ. ಅಂಗಡಿಯಲ್ಲಿ ಸರದಿಗೆ ನಿಂತಾಗ ಮುಂದಿನವರ ಒಂದು ಹೆಗಲು ಇಳಿದಿದ್ದರೆ ಅದನ್ನೇ ನೋಡುತ್ತ ನಿಂತುಬಿಡುತ್ತೇನೆ. ನಮ್ಮ ಮನೆಯವರು ತೋಳು ಹಿಡಿದು ಮುಂದಕ್ಕೆ ಎಳೆಯಬೇಕಾಗುತ್ತದೆ.

ಊರಿನಿಂದ ಬಂದು ಇಲ್ಲಿ ಫಿಜಿಯೊಥೆರಪಿ ಓದುತ್ತಿರುವ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಫುಟ್‌ಬಾಲ್ ತಂಡದ ಜೊತೆಗಿನ ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಟಿವಿಯಲ್ಲಿ ಕಾಣುವ ಹಾಗಂತೂ ಇರುವುದಿಲ್ಲ ಎಂದು ನಕ್ಕು, ಅವಲಕ್ಕಿ ಕೊಟ್ಟು ಕಳಿಸಿದೆ. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಅವರು ಕೇಳಿದ್ದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ ಅನ್ನಿಸಿತು. ಆದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ.

ನಾನು ಗದಗಿನವಳು. ಹುಬ್ಬಳ್ಳಿಯಲ್ಲಿ ಓದಿದೆ. ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಬಸವರಾಜರನ್ನು ಮದುವೆಯಾಗಿ ಸಿಯಾಟಲ್‌ಗೆ ಬಂದೆ. ಇಲ್ಲಿನ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು ಲೈಸೆನ್ಸ್ ಪಡೆದ ಮೇಲೆ ಮೊದಲು ಕೆಲಸ ಸಿಕ್ಕಿದ್ದು ಶೋರ್‌ಲೈನ್‌ನ ಒಂದು ವೃದ್ಧಾಶ್ರಮದಲ್ಲಿ. ಅಲ್ಲಿ ಸೊಂಟದ ಮೂಳೆ ಮುರಿದುಕೊಂಡಿದ್ದ ಒಬ್ಬ ಅಜ್ಜಿ ನನಗೆ ಕಲಿಸಿದ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. ಡಿಸೆಂಬರ್‌ನ ಒಂದು ಬೆಳಗ್ಗೆ ಹೊರಗಿನಿಂದ ಬಂದವಳೇ ಆಕೆಯ ಕಾಲು ಮುಟ್ಟಿದೆ. ಆಕೆ ಬೆಚ್ಚಿಬಿದ್ದು, ನಿನ್ನ ಕೈ ತಣ್ಣಗಿದ್ದರೆ ನನ್ನ ಮೈ ಸುಳ್ಳು ಹೇಳುತ್ತೆ ಅಂದಳು. ನಿಜವೇ. ತಣ್ಣನೆಯ ಕೈಗೆ ಸ್ನಾಯು ಬಿಗಿದುಕೊಳ್ಳುತ್ತದೆ, ನಾವು ಅದನ್ನೇ ಕಾಯಿಲೆ ಅಂದುಕೊಳ್ಳುತ್ತೇವೆ. ಅಂದಿನಿಂದ ಕೊನೆಯವರೆಗೂ ಬಿಸಿನೀರಲ್ಲಿ ಕೈ ತೊಳೆಯದೆ ಯಾರನ್ನೂ ಮುಟ್ಟಿದವಳಲ್ಲ.

ಆಮೇಲೆ ಕ್ಯಾನ್ಯನ್ ಪಾರ್ಕ್‌ನ ಒಂದು ಕ್ಲಿನಿಕ್ಕಿಗೆ ಬಂದೆ. ಸುತ್ತ ಆಫೀಸುಗಳೇ. ಬರುವವರೆಲ್ಲ ಕುತ್ತಿಗೆಯವರು. ಹೆಸರು ಮರೆತು ಕುತ್ತಿಗೆಯಿಂದಲೇ ಜನರನ್ನು ಗುರುತಿಸುವ ಕಾಲವೊಂದಿತ್ತು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ನೆನಪಿನಲ್ಲಿದ್ದಾನೆ. ಕುರ್ಚಿ ಬದಲಿಸಿದ್ದ, ಮೇಜು ಎತ್ತರಿಸಿದ್ದ, ದಿಂಬನ್ನೂ ಬದಲಿಸಿದ್ದ. ಎಡಗುತ್ತಿಗೆಯ ನೋವು ಮಾತ್ರ ಬಿಟ್ಟಿರಲಿಲ್ಲ. ಕೊನೆಗೆ ಒಂದು ದಿನ, ಮನೆಯಲ್ಲಿ ಹೇಗೆ ಕೂತು ಕೆಲಸ ಮಾಡುತ್ತೀರೋ ಹಾಗೇ ಇಲ್ಲಿ ಕೂತು ತೋರಿಸಿ ಅಂದೆ. ಕೂತ. ಲ್ಯಾಪ್‌ಟಾಪ್ ತೆರೆದ. ಎರಡು ಸಾಲು ಟೈಪ್ ಮಾಡುವಷ್ಟರಲ್ಲಿ ಅವನ ತಲೆ ತಾನಾಗಿ ಎಡಕ್ಕೆ ಹೊರಳಿ ಮತ್ತೆ ಪರದೆಗೆ ಬಂತು. ಮತ್ತೆ ಹೊರಳಿತು.

"ಆ ಕಡೆ ಏನಿದೆ?" ಎಂದು ಕೇಳಿದೆ.

ಅವನಿಗೇ ಗೊತ್ತಿರಲಿಲ್ಲ. ಯೋಚಿಸಿ ಹೇಳಿದ: "ಮಗು ಮಲ್ಗಿರತ್ತೆ ಮೇಡಂ. ಉಸಿರಾಡ್ತಿದೆಯಾ ಅಂತ ನೋಡ್ತಾ ಇರ್ತೀನಿ ಅನ್ಸತ್ತೆ."

ತೊಟ್ಟಿಲನ್ನು ಮೇಜಿನ ಎದುರಿಗೆ ಇಡಲು ಹೇಳಿದೆ. ನೋವು ಹೋಯಿತು. ಕುತ್ತಿಗೆ ನೋವೆಂದು ಯಾರು ಬಂದರೂ ಮೊದಲು ಅದು ಏನನ್ನು ನೋಡಲು ಹೆಣಗುತ್ತಿದೆ ಎಂದು ಕೇಳಬೇಕು. ಆ ಹುಡುಗನಿಂದ ಕಲಿತ ಈ ಮಾತು ಮುಂದೆ ಎಷ್ಟು ದೊಡ್ಡ ಕೆಲಸಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅದೇ ಕ್ಲಿನಿಕ್ಕಿಗೆ ಒಮ್ಮೆ ಮಾರ್ಗರೆಟ್ ಬಂದರು. ಎತ್ತರದ ಹೆಂಗಸು, ಬೆಳ್ಳಿಗೂದಲು, ಮಾತು ಕಡಿಮೆ. ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದರ ಮುಖ್ಯ ಫಿಜಿಯೊ ಎಂದು ಅವರು ಹೇಳಿದ್ದು ಕುತ್ತಿಗೆ ವಾಸಿಯಾದ ಮೇಲೆ. ನಮ್ಮಲ್ಲಿಗೆ ಬರುತ್ತೀಯಾ ಎಂದು ಕೇಳಿದರು. ನನಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಆ ರಾತ್ರಿಯ ಊಟದ ಹೊತ್ತಿಗೆ ಮಗಳು ತಟ್ಟೆಯ ಸುತ್ತ ಬಟ್ಟಲು, ಚಮಚ, ನಿಂಬೆಹೋಳುಗಳನ್ನು ಜೋಡಿಸಿ ಆಫ್‌ಸೈಡ್ ಎಂದರೇನು ಎಂದು ವಿವರಿಸಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ನಮ್ಮ ಮನೆಯವರು ಮಧ್ಯದಲ್ಲಿ ಗೋಲ್‌ಕೀಪರ್ ಆಗಿದ್ದ ನಿಂಬೆಹೋಳನ್ನು ಸಾರಿಗೆ ಹಿಂಡಿಕೊಂಡುಬಿಟ್ಟರು.

ಅಷ್ಟೇ ವಿದ್ಯೆಯಿಂದ ಮೊದಲ ಪಂದ್ಯಕ್ಕೆ ಹೋದೆ. ಆಟಗಾರನೊಬ್ಬ ಬಿದ್ದು ಕಾಲು ಹಿಡಿದುಕೊಂಡ. ನಾನು ಚೀಲ ಎತ್ತಿಕೊಂಡು ಓಡಿದೆ. ರೆಫರಿ ಕರೆಯುವವರೆಗೆ ಒಳಗೆ ಕಾಲಿಡಬಾರದೆಂಬ ನಿಯಮ ಮರೆತೇಹೋಗಿತ್ತು, ಆಟ ಇನ್ನೂ ನಿಂತಿರಲಿಲ್ಲ. ಚೆಂಡು ಬಂದು ನನ್ನ ಚೀಲಕ್ಕೆ ಬಡಿದು, ಬ್ಯಾಂಡೇಜ್ ಸುರುಳಿಗಳು ಹುಲ್ಲಿನ ಮೇಲೆಲ್ಲ ಉರುಳಿದವು. ಬಿದ್ದಿದ್ದ ಆಟಗಾರ ನೋವು ಮರೆತು ನಗುತ್ತಿದ್ದ. ಆಮೇಲೆ ಬಹಳ ಕಾಲ ಹುಡುಗರು ನನ್ನನ್ನು ಹನ್ನೆರಡನೆಯ ಆಟಗಾರ್ತಿ ಎಂದೇ ಕರೆದರು. ಮಾರ್ಗರೆಟ್ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಜೊತೆ ಬಗ್ಗಿ ಸುರುಳಿಗಳನ್ನು ಆರಿಸಿದರು.

ಅವರ ಕೈಕೆಳಗೆ ಕಲಿತದ್ದು ಬಹಳ. ಆಟಗಾರ ಚಿಕಿತ್ಸೆಯ ಮಂಚದ ಮೇಲೆ ಮಲಗಿದ ಮೇಲೆ ಹೇಳುವುದನ್ನು ಪೂರ್ತಿ ನಂಬಬೇಡ, ಬಾಗಿಲಿನಿಂದ ಮಂಚದವರೆಗೆ ಹೇಗೆ ನಡೆದು ಬಂದ ಎಂದು ನೋಡು ಅನ್ನುತ್ತಿದ್ದರು. ಈ ಹುಡುಗರು ನೋವು ಮುಚ್ಚಿಡುವುದರಲ್ಲಿ ನಿಪುಣರು. ಬೆರಳು ಮುರಿದುಕೊಂಡ ಗೋಲ್‌ಕೀಪರ್ ಒಬ್ಬ ವಾರವಿಡೀ ಎಲ್ಲರಿಗೂ ಎಡಗೈಯಲ್ಲೇ ಹಸ್ತಲಾಘವ ಕೊಡುತ್ತಿದ್ದ. ಸ್ನೇಹಕ್ಕೆ ಹಾಗೆ ಮಾಡುತ್ತಾನೆಂದು ನಾವು ತಿಳಿದಿದ್ದೆವು. ಆಡದಿದ್ದರೆ ಜಾಗ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ಎಲ್ಲ ನೋವಿಗಿಂತ ದೊಡ್ಡದು.

ನಾನು ಸೇರಿದಾಗ ಎಲ್ಲಕ್ಕೂ ಮಂಜುಗಡ್ಡೆ. ಉಳುಕಿದರೆ, ಊದಿದರೆ, ಸುಮ್ಮನೆ ನೋವೆಂದರೂ ಮಂಜುಗಡ್ಡೆ, ಮೇಲೆ ವಿಶ್ರಾಂತಿ. ಬರಬರುತ್ತ ಅದು ಬದಲಾಗಿ, ಬೇಗ ನಡೆಸಿ, ಬೇಗ ಭಾರ ಹೊರಿಸಿ ಎಂಬ ಪದ್ಧತಿ ಬಂತು. ಆಮೇಲೆ ಆಟಗಾರರ ಬೆನ್ನಿಗೆ ಯಂತ್ರ ಕಟ್ಟುವ ಕಾಲ ಬಂತು. ಎಷ್ಟು ಓಡಿದ, ಎಷ್ಟು ವೇಗದಲ್ಲಿ ಓಡಿದ ಎಲ್ಲ ಪರದೆಯ ಮೇಲೆ. ನಾನು ಅದರ ವಿರೋಧಿಯಲ್ಲ. ಎಷ್ಟೋ ಸ್ನಾಯುಗಳು ಹರಿಯುವುದನ್ನು ಅದು ತಪ್ಪಿಸಿದೆ. ಆದರೆ ಯಂತ್ರ ತನ್ನನ್ನು ಯಾವುದಕ್ಕೆ ಕಟ್ಟಿದ್ದಾರೋ ಅದನ್ನಷ್ಟೇ ಹೇಳುತ್ತದೆ.

ಆ ಕಾಲದಲ್ಲೇ ಡುವಾರ್ಟೆ ಬಂದದ್ದು.

ಪೋರ್ಚುಗಲ್‌ನ ಉತ್ತರ ತೀರದ ಒಂದು ಮೀನುಗಾರರ ಊರಿನವನು. ಮೂವತ್ತು ದಾಟಿದ್ದ. ಫುಟ್‌ಬಾಲಿನ ಲೆಕ್ಕದಲ್ಲಿ ಅದು ಸಂಜೆ. ಕುಳ್ಳ, ತೆಳ್ಳಗಿನ ಮೈ, ಬಲಮಂಡಿಯ ಮೇಲೆ ಹಳೆಯ ಹೊಲಿಗೆಯ ಗುರುತು. ಆ ಮಂಡಿಯೇ ಅವನನ್ನು ದಿನಾ ಬೆಳಗ್ಗೆ ನನ್ನ ಚಿಕಿತ್ಸೆಯ ಮಂಚಕ್ಕೆ ತರುತ್ತಿತ್ತು. ವಿಜಯಾ ಎಂಬ ನನ್ನ ಹೆಸರು ಅವನ ಬಾಯಲ್ಲಿ 'ವಿಝಾಯ' ಆಗಿತ್ತು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅವನದು ಒಂದು ಬಗೆ, ನನ್ನದು ಇನ್ನೊಂದು. ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡವಾಗಿಯೇ ಉಳಿದಿದೆ.

ಒಂದು ದಿನ ಅವನು ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡುತ್ತಿದ್ದಾಗ 'ಬಟಾಟ' ಎಂಬ ಮಾತು ಕೇಳಿ ನನ್ನ ಕೈ ನಿಂತಿತು. ಗದಗಿನ ನಮ್ಮ ಮನೆಯಲ್ಲಿ ಆಲೂಗಡ್ಡೆಗೆ ಬಟಾಟಿ ಎಂದೇ ಅನ್ನುವುದು. ಕೇಳಿದರೆ ಅವನದೂ ಅದೇ ಗಡ್ಡೆ. ನಾನು ಚಾವಿ ಅಂದೆ, ಅವನು 'ಶಾವ್' ಅಂದ. ನಾನು ಪಗಾರ ಅಂದೆ, ಅವನು ಎದ್ದೇ ಕೂತ. ಅವರಲ್ಲಿ 'ಪಗಾರ್' ಎಂದರೆ ಹಣ ಕೊಡುವುದಂತೆ. ಅವನ ಪೂರ್ವಜರು ಗೋವೆಯಲ್ಲಿ ಇಳಿದು ನಮ್ಮೂರ ಅಡುಗೆಮನೆಯವರೆಗೆ ಮಾತು ಕಳಿಸಿದ್ದರು. ಆಮೇಲೆ ದಿನವೂ ಒಂದೊಂದು ಮಾತು ಹುಡುಕುವುದು ನಮ್ಮ ಆಟವಾಯಿತು. ಮಂಡಿಯನ್ನು ಪೂರ್ತಿ ಬಗ್ಗಿಸುವಾಗ ಆಗುವ ನೋವಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಸಿಗಲಿಲ್ಲ.

ಹೀಗೆ ಮಲಗಿಕೊಂಡೇ ಅವನು ತನ್ನ ಕಥೆಯನ್ನು ತುಂಡು ತುಂಡಾಗಿ ಹೇಳಿದ. ಬಾಲ್ಯದಲ್ಲೇ ದೊಡ್ಡ ನಗರದ ಕ್ಲಬ್ಬಿನವರು ಬಂದು ಕರೆದುಕೊಂಡು ಹೋದದ್ದು; ಹಾಸ್ಟೆಲಿನಲ್ಲಿ ಮೀನಿನ ವಾಸನೆ ಇಲ್ಲದೆ ನಿದ್ದೆ ಬಾರದೆ ಇದ್ದದ್ದು; ಮೊದಲ ದರ್ಜೆಯ ಲೀಗಿಗೆ ಏರಿದ್ದು; ಒಂದೇ ಒಂದು ಸಲ ದೇಶದ ತಂಡಕ್ಕೆ ಕರೆ ಬಂದದ್ದು. ಆ ಪಂದ್ಯದಲ್ಲಿ ಅವನು ದೇಶದ ಅಂಗಿ ತೊಟ್ಟು ಕೊನೆಯವರೆಗೂ ಬೆಂಚಿನ ಮೇಲೆ ಕೂತಿದ್ದ. ಒಳಗೆ ಕಳಿಸಲಿಲ್ಲ. ಮುಂದಿನ ಸಲ ಎಂದರು. ಮುಂದಿನ ಸಲದೊಳಗೆ ಮಂಡಿ ಹೋಯಿತು. ಅಲ್ಲಿಂದ ಗ್ರೀಸ್, ಸೈಪ್ರಸ್, ಆಮೇಲೆ ನಮ್ಮ ಸಿಯಾಟಲ್. ಇದನ್ನು ಹೇಳುವಾಗ ಅವನ ದನಿಯಲ್ಲಿ ಕಹಿ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಊರುಗಳ ಹೆಸರು ಹೇಳುವವರ ಹಾಗೆ ಹೇಳುತ್ತಿದ್ದ. ಅಪ್ಪ ಮನುವೆಲ್ ಸಮುದ್ರಕ್ಕೆ ಹೋಗುವವರು. ಮಗನ ಪಂದ್ಯಗಳನ್ನು ಹೋಗಿ ನೋಡಿದ್ದು ಬಹಳ ಕಡಿಮೆ. ಅದೊಂದು ಮಾತು ಬಂದಾಗ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದ.

ಅವನ ಕೆಲಸವೇನೆಂದು ನನಗೆ ಅರ್ಥವಾಗಲು ಒಂದು ಇಡೀ ಫುಟ್‌ಬಾಲ್ ಋತು ಹಿಡಿಯಿತು. ಗೋಲು ಹೊಡೆಯುವವನಲ್ಲ, ತಡೆಯುವವನಲ್ಲ. ನಡುವೆ ಇರುವವನು, ಮಿಡ್‌ಫೀಲ್ಡರ್. ಒಂದು ದಿನ ಕೇಳಿಯೇಬಿಟ್ಟೆ.

"ಮುಂದೆ ಆಡೋನಿಗೆ ಗೋಲು ಎದುರಿಗಿರುತ್ತೆ. ಹಿಂದೆ ಆಡೋನಿಗೆ ಆಟ ಎಲ್ಲಾ ಎದುರಿಗಿರುತ್ತೆ. ನನಗೆ ಮಾತ್ರ ನಾಕೂ ಕಡೆ ಜನ," ಅಂದ. "ಚೆಂಡು ಬಂದ ಮೇಲೆ ನೋಡಿದ್ರೆ ಆಗಲ್ಲ ವಿಝಾಯ. ಬರೋಕೆ ಮುಂಚೆನೇ ನೋಡ್ಕೊಂಡಿರ್ಬೇಕು."

ಮುಂದಿನ ಪಂದ್ಯದಲ್ಲಿ ನಾನು ಚೆಂಡು ಬಿಟ್ಟು ಅವನ ತಲೆಯನ್ನು ನೋಡತೊಡಗಿದೆ. ಆಗ ಕಂಡಿತು. ಚೆಂಡು ಎಲ್ಲೋ ದೂರದಲ್ಲಿರುವಾಗಲೇ ಅವನ ತಲೆ ಬಲಕ್ಕೆ, ಎಡಕ್ಕೆ, ಹೆಗಲ ಹಿಂದಕ್ಕೆ ಹೊರಳುತ್ತಲೇ ಇತ್ತು, ಗುಬ್ಬಿ ಕಾಳು ಆರಿಸುವಾಗ ಸುತ್ತ ನೋಡುತ್ತದಲ್ಲ, ಹಾಗೆ. ಚೆಂಡು ಕಾಲಿಗೆ ಬಂದಾಗ ಅವನಿಗೆ ಎಲ್ಲ ಗೊತ್ತಿರುತ್ತಿತ್ತು. ಒಂದೇ ಸಲ ಮುಟ್ಟುವುದು, ಅಷ್ಟೇ. ಯಾರೂ ಇಲ್ಲದ ಜಾಗಕ್ಕೆ ಚೆಂಡು ಹೋಗುತ್ತಿತ್ತು, ಅಲ್ಲಿ ನಮ್ಮವನೊಬ್ಬ ಓಡಿ ಬಂದಿರುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಓಡಿ ಬಂದವನಿಗೆ. ನಾನು ಆ ಋತುವಿನಿಂದ ಡುವಾರ್ಟೆಗೆ ತಟ್ಟತೊಡಗಿದೆ. ಈಗಲೂ ಕಣ್ಣು ಮುಚ್ಚಿದರೆ ಸೆಪ್ಟೆಂಬರ್‌ನ ಆ ಇಳಿಬಿಸಿಲು, ಕತ್ತರಿಸಿದ ಹುಲ್ಲಿನ ವಾಸನೆ, ಮೈದಾನದ ನಡುವೆ ಹೊರಳುವ ಆ ಒಂದು ತಲೆ, ಎಲ್ಲ ಹಾಗೇ ಬರುತ್ತವೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಚೆಂದದ ಕಾಲ ಇರಲಿಲ್ಲ.

ಮೂರನೆಯ ಋತುವಿನ ಕೊನೆಗೆ ಅವನು ಚೆಂಡು ಕಳೆದುಕೊಳ್ಳತೊಡಗಿದ. ಎದುರಾಳಿ ಬಂದು ಕಾಲಿನಿಂದಲೇ ಕಸಿದುಕೊಂಡು ಹೋಗುತ್ತಿದ್ದ, ಇವನು ಕಳ್ಳ ಬಂದದ್ದೇ ಗೊತ್ತಿಲ್ಲದವನಂತೆ ನಿಂತಿರುತ್ತಿದ್ದ. ಜನ ಗೊಣಗಿದರು. ಆಗಿನ ಮುಖ್ಯ ಕೋಚ್ ಕೆಟ್ಟವರಲ್ಲ, ಆದರೆ ಮೇಲಿನವರ ಒತ್ತಡ ಅವರ ಮುಖದಲ್ಲೇ ಕಾಣುತ್ತಿತ್ತು. ಕಾಲು ಮುಗಿದವು ಅಂದರು. ಬೆನ್ನಿನ ಯಂತ್ರ ನೋಡಿದರೆ ಓಟ ಹಿಂದಿನಷ್ಟೇ ಇತ್ತು. ಹಾಗಾದರೆ ಮನಸ್ಸು ಮುಗಿದಿದೆ ಅಂದರು.

ಅದೇ ಹೊತ್ತಿಗೆ ಅವನಿಗೆ ಕುತ್ತಿಗೆ ನೋವು ಶುರುವಾಗಿತ್ತು. ತಿಂಗಳ ಹಿಂದೆ ಒಂದು ಪಂದ್ಯದಲ್ಲಿ ಎದುರಾಳಿಯ ಮೊಣಕೈ ಅವನ ಹುಬ್ಬಿಗೆ ಬಡಿದಿತ್ತು. ಹೊಲಿಗೆ ಹಾಕಿಸಿಕೊಂಡು ಮತ್ತೆ ಆಡಿದ್ದ. ಆ ಏಟಿಗೇ ಕುತ್ತಿಗೆ ಉಳುಕಿರಬೇಕೆಂದು ಚಿಕಿತ್ಸೆ ಮಾಡುತ್ತಿದ್ದೆ. ಸಡಿಲವಾಗುತ್ತಿತ್ತು, ಮರುದಿನ ಮತ್ತೆ ಕಲ್ಲಾಗುತ್ತಿತ್ತು. ಮಾರ್ಗರೆಟ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಕೇಳಲು ಯಾರೂ ಇರಲಿಲ್ಲ.

ಆ ಗುರುವಾರ ಬೆಳಗ್ಗೆ ನಾನು ಮಂಚದ ಎಡಬದಿಯಲ್ಲಿ ನಿಂತು ಟವೆಲ್ ಮಡಚುತ್ತಿದ್ದೆ. ಡುವಾರ್ಟೆ ಒಳಗೆ ಬಂದ. ಬಾಗಿಲಿನಿಂದ ಮಂಚದವರೆಗೆ ನಡೆದ, ಕೂತ, ನಾನು ಇಲ್ಲವೆಂದುಕೊಂಡು ಪೋರ್ಚುಗೀಸಿನಲ್ಲಿ ಏನೋ ಹಾಡು ಗುನುಗಿದ. ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದೆ. ಅವನ ಎಡಪಕ್ಕದಲ್ಲೇ ಇದ್ದೆ.

ಕ್ಯಾನ್ಯನ್ ಪಾರ್ಕ್‌ನ ಆ ಹುಡುಗ ನೆನಪಾದ. ಈ ಕುತ್ತಿಗೆ ಏನನ್ನು ನೋಡಲು ಹೆಣಗುತ್ತಿದೆ?

ಸದ್ದು ಮಾಡಿದೆ. ಅವನು ತಲೆಯನ್ನಲ್ಲ, ಇಡೀ ಮೈಯನ್ನೇ ತಿರುಗಿಸಿದ. ಎದುರಿಗೆ ಕೂರಿಸಿ, ಬಲಗಣ್ಣು ಮುಚ್ಚಿಕೊಂಡು ನನ್ನ ಮೂಗನ್ನೇ ನೋಡಲು ಹೇಳಿದೆ. ಎಡಗಡೆಯಿಂದ ನಿಧಾನವಾಗಿ ಬೆರಳು ತಂದೆ. ಕಂಡ ಕೂಡಲೇ ಹೇಳು ಅಂದೆ. ಬೆರಳು ಬಂತು, ಬಂತು, ಅವನ ಕೆನ್ನೆಯ ಹತ್ತಿರ ಬಂತು. ಅವನು ಹೇಳಲಿಲ್ಲ.

"ಯಾವಾಗಿಂದ?" ಎಂದೆ.

ಮೊದಲು ಅಂಚಿನಲ್ಲಿ ಮಿಂಚು ಮಿಂಚಿದ ಹಾಗೆ ಆಗುತ್ತಿತ್ತಂತೆ. ಆಮೇಲೆ ಬದಿಯಲ್ಲಿ ನೆರಳು. ಅದು ನಿಧಾನವಾಗಿ ಬೆಳೆಯಿತು. ಈ ಎರಡು ದಿನಗಳಿಂದ ಕಪ್ಪು ಪರದೆ ಎಳೆದ ಹಾಗೆ ಮೂಗಿನ ಕಡೆಗೇ ಬರುತ್ತಿದೆ. ಅದನ್ನೆಲ್ಲ ನೆಲ ನೋಡುತ್ತ ಹೇಳಿದ. ಅದು ಏನಿರಬಹುದೆಂದು ನನಗೆ ಅಂದಾಜಿತ್ತು. ಇದು ನನ್ನ ಕೈಯ ಕೆಲಸವಲ್ಲ, ಇವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು ಎಂದೆ.

"ಶನಿವಾರ ಆದ ಮೇಲೆ," ಅಂದ.

ಶನಿವಾರ ಋತುವಿನ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಸುತ್ತು. ಇನ್ನೊಬ್ಬ ಮಿಡ್‌ಫೀಲ್ಡರ್ ರೆಡ್ ಕಾರ್ಡ್ ಪಡೆದು ಹೊರಗಿದ್ದದ್ದರಿಂದ ಡುವಾರ್ಟೆ ಆಡುವುದು ನಿಶ್ಚಯವಾಗಿತ್ತು. ಆದರೆ ಅವನು ಹೇಳಿದ್ದು ಅದಾವುದೂ ಅಲ್ಲ.

"ನಾಳೆ ಅಪ್ಪ ಬರ್ತಿದ್ದಾರೆ. ಜೀವನದಲ್ಲಿ ಮೊದಲ್ನೇ ಸಲ ವಿಮಾನ ಹತ್ತೋದು. ನಾನು ಆಡೋದು ನೋಡೋಕೆ. ಇನ್ನೊಂದು ಸಲ ಬರಲ್ಲ ಅವರು, ನಾನೂ ಇನ್ನೊಂದು ವರ್ಷ ಆಡಲ್ಲ. ಎರಡು ದಿನ ವಿಝಾಯ. ನೀವು ನೋಡೇ ಇಲ್ಲ ಅಂದ್ಕೊಳ್ಳಿ."

ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಯಮ ಏನು ಹೇಳುತ್ತದೆ ಎಂದು ತರಗತಿಯಲ್ಲಿ ಕಲಿಸುತ್ತಾರೆ, ಅದು ಸರಿ. ಆದರೆ ಆ ಹೊತ್ತಿಗೆ ನಿಮ್ಮ ಎದುರಿಗೆ ನಿಯಮ ಕೂತಿರುವುದಿಲ್ಲ. ಮೂರು ವರ್ಷ ನಿಮ್ಮ ಜೊತೆ ನಕ್ಕ ಮನುಷ್ಯ ಕೂತಿರುತ್ತಾನೆ, ಅವನ ಅಪ್ಪ ಆಗಲೇ ಮನೆ ಬಿಟ್ಟಿರುತ್ತಾರೆ. ಎರಡು ದಿನ ತಾನೇ ಎಂದು ನನ್ನ ಮನಸ್ಸೂ ಹೇಳಿತು. ಆದರೆ ಶನಿವಾರ ಇನ್ನೊಂದು ಮೊಣಕೈ, ಇಲ್ಲವೇ ತಲೆಗೆ ಬಡಿಯುವ ಒಂದು ಚೆಂಡು, ಆ ಕಣ್ಣು ಹೋಗಲು ಅಷ್ಟೇ ಸಾಕಾಗಿತ್ತು.

"ನಾನು ಡಾಕ್ಟರ್ ಹತ್ರ ಹೋಗ್ತಿದೀನಿ," ಎಂದೆ. "ನೀನು ಜೊತೆಗೆ ಬಂದ್ರೆ ಇಬ್ರೂ ಹೋಗೋಣ. ಬರದೇ ಇದ್ರೂ ನಾನು ಹೋಗ್ತೀನಿ."

ಅವನು ಏಳಲಿಲ್ಲ. ನಾನೊಬ್ಬಳೇ ಹೋದೆ. ತಂಡದ ವೈದ್ಯರು ಅರ್ಧ ಮಾತಿಗೇ ಎದ್ದು ನಿಂತು ಆಸ್ಪತ್ರೆಗೆ ಫೋನ್ ಮಾಡಿದರು. ಕೋಚ್ ನನ್ನನ್ನು ಕರೆದು, ಭಾನುವಾರದವರೆಗೆ ನಿಜಕ್ಕೂ ಕಾಯಲಾಗದೇ ಎಂದು ಕೇಳಿದರು. ಆಗದು ಎಂದೆ. ಅವರು ತಾವೇ ಚಿಕಿತ್ಸಾ ಕೋಣೆಗೆ ನಡೆದು ಹೋಗಿ ಡುವಾರ್ಟೆಯ ಹೆಗಲ ಮೇಲೆ ಕೈಯಿಟ್ಟು ಕೂತರು. ಏನು ಹೇಳಿದರೋ ನನಗೆ ತಿಳಿಯದು.

ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಮಳೆ ನಿಂತು ಸರೋವರ ಹೊಳೆಯುತ್ತಿತ್ತು. ತೇಲುಸೇತುವೆಯ ಮೇಲೆ ಹೋಗುವಾಗ ಅವನು ಒಂದೇ ಒಂದು ಮಾತಾಡಿದ.

"ನನ್ನ ಅಪ್ಪನಿಂದ ಆ ಪಂದ್ಯಾನ ಕಿತ್ಕೊಂಡ್ರಿ ನೀವು."

ಸ್ಟಿಯರಿಂಗ್ ಹಿಡಿದ ನನ್ನ ಕೈಗಳು ತಣ್ಣಗಾಗಿದ್ದವು.

ಹಳೆಯ ಗೋಡೆಯಿಂದ ಸುಣ್ಣದ ಪದರ ಏಳುವ ಹಾಗೆ ಅವನ ಎಡಗಣ್ಣಿನ ಹಿಂಭಾಗದ ಅಕ್ಷಿಪಟ, ಅಂದರೆ ರೆಟಿನಾ, ಎದ್ದಿತ್ತು. ದೃಷ್ಟಿಯ ನಡುಭಾಗ ಇನ್ನೂ ಅಂಟಿಕೊಂಡಿದೆ, ಅದು ಏಳುವುದರೊಳಗೆ ಕೂರಿಸಬೇಕು ಎಂದು ಸರ್ಜನ್ ಅಂದೇ ಶಸ್ತ್ರಚಿಕಿತ್ಸೆ ಮಾಡಿದರು. ಕಣ್ಣಿನೊಳಗೆ ಗಾಳಿಯ ಗುಳ್ಳೆ ತುಂಬಿ, ಅದು ರೆಟಿನಾವನ್ನು ಒತ್ತಿ ಹಿಡಿಯಲಿ ಎಂದು ಕೆಲವು ದಿನ ಮುಖ ಕೆಳಗೆ ಮಾಡಿಯೇ ಮಲಗಬೇಕೆಂದರು. ಊಟಕ್ಕೆ, ಸ್ನಾನಕ್ಕೆ ಬಿಟ್ಟರೆ ತಲೆ ಎತ್ತುವಂತಿಲ್ಲ.

ಅವನು ಮರ್ಸರ್ ಐಲ್ಯಾಂಡ್‌ನಲ್ಲಿ ಒಂಟಿಯಾಗಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದ. ಮುಖವಿಡಲು ರಂಧ್ರವಿರುವ, ಮಡಚುವ ಮಂಚವೊಂದು ನನ್ನ ಹತ್ತಿರ ಇತ್ತು. ಶುಕ್ರವಾರ ನಮ್ಮ ಮನೆಯವರು ಅದನ್ನು ಹೊತ್ತು ಅವನ ಮನೆಯಲ್ಲಿ ಬಿಡಿಸಿಟ್ಟರು. ಸಂಜೆ ವಿಮಾನ ನಿಲ್ದಾಣಕ್ಕೆ ಅವನ ಅಪ್ಪನನ್ನು ಕರೆತರಲು ಹೋದವರೂ ನಾವೇ.

"ಅವ್ರಿಗೆ ಇಂಗ್ಲಿಷ್ ಬರಂಗಿಲ್ಲ, ನಮಗ ಅವ್ರ ಭಾಷಾ ಬರಂಗಿಲ್ಲ. ಏನಂತ ಹೇಳೂದು?" ಎಂದು ನಮ್ಮ ಮನೆಯವರು ಚಿಂತೆಗೆ ಬಿದ್ದರು.

"ಮಗ ಆರಾಮ ಅದಾನ ಅಂತ ಮುಖದಾಗ ತೋರಸ್ರಿ," ಎಂದೆ.

ಮನುವೆಲ್ ನಮ್ಮ ತಂಡದ, ಮಗನ ಹೆಸರಿರುವ ಅಂಗಿಯನ್ನು ಕೋಟಿನ ಒಳಗೆ ತೊಟ್ಟೇ ಬಂದಿದ್ದರು. ಬಿಸಿಲಿಗೆ, ಉಪ್ಪಿಗೆ ಸುಟ್ಟ ಮುಖ, ದಪ್ಪ ಬೆರಳುಗಳು. ಡುವಾರ್ಟೆ ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದ. ಅವರು ನನ್ನ ಎರಡೂ ಕೈ ಹಿಡಿದರು. ಕಾರಿನಲ್ಲಿ ಏನೂ ಕೇಳಲಿಲ್ಲ. ಮನೆಯೊಳಗೆ ಹೋದಾಗ ಮಗ ಮಂಚದ ಮೇಲೆ ಬೋರಲು ಮಲಗಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಅಪ್ಪನ ದನಿ ಕೇಳಿ ಏಳಲು ಹೋದ. ನಾನು ತಡೆದೆ. ಮುದುಕರು ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಕೋಟು ತೆಗೆದು ಕುರ್ಚಿಗೆ ಹಾಕಿ, ಮೊಣಕಾಲೂರಿ, ಮಂಚದ ಕಾಲುಗಳ ನಡುವೆ ತೂರಿ, ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿದರು. ರಂಧ್ರದ ಕೆಳಗೆ ಸರಿಯಾಗಿ ಮುಖವಿಟ್ಟು ಮಗನನ್ನು ನೋಡಿದರು. ಡುವಾರ್ಟೆಯ ಕಣ್ಣೀರು ಅವರ ಹಣೆಯ ಮೇಲೆ ಬೀಳುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ. ನಾವಿಬ್ಬರೂ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆವು.

ಶನಿವಾರ ಕ್ಲಬ್ಬಿನವರು ನನಗೆ ರಜೆ ಕೊಟ್ಟಿದ್ದರು. ಕೊಟ್ಟರೋ, ದೂರವಿಟ್ಟರೋ, ನಾನು ಕೇಳಲಿಲ್ಲ. ಪಂದ್ಯದ ಹೊತ್ತಿಗೆ ಊಟ ತೆಗೆದುಕೊಂಡು ಮರ್ಸರ್ ಐಲ್ಯಾಂಡ್‌ಗೆ ಹೋದೆ. ಅಪ್ಪ ಮಂಚದ ಕೆಳಗೆ ಪಕ್ಕಕ್ಕೆ ಸರಿದು ಮಲಗಿದ್ದರು. ಟ್ಯಾಬ್ಲೆಟ್ಟನ್ನು ನೆಲದ ಮೇಲೆ ಇಬ್ಬರಿಗೂ ಕಾಣುವಂತೆ ಇಟ್ಟುಕೊಂಡಿದ್ದರು. ಡುವಾರ್ಟೆ ಒಂದೇ ಕಣ್ಣಿನಲ್ಲಿ ನೋಡುತ್ತ ಮೇಲಿನಿಂದ ಎಡೆಬಿಡದೆ ಮಾತಾಡುತ್ತಿದ್ದ. ಮಂಚದ ಬದಿಯಿಂದ ಕೈ ಇಳಿಬಿಟ್ಟು ಬೆರಳಿನಿಂದ ತೋರಿಸುತ್ತಿದ್ದ. ಅವನ ಬೆರಳು ಚೆಂಡಿನ ಮೇಲೆ ಇರುತ್ತಲೇ ಇರಲಿಲ್ಲ. ಖಾಲಿ ಜಾಗದ ಮೇಲೆ ಇರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮುದುಕರ ದಪ್ಪ ಬೆರಳೂ ಬಂತು. ಇಲ್ಲಿ ಎಂದು ಅವರು ತೋರಿಸಿದರೆ, ಅಲ್ಲ, ಅಲ್ಲಿ ಎಂದು ಇವನು ಸರಿಸುತ್ತಿದ್ದ. ದ್ವಿತೀಯಾರ್ಧದಲ್ಲಿ ಒಮ್ಮೆ ಮುದುಕರ ಬೆರಳು ಮೊದಲೇ ಹೋಗಿ ಒಂದು ಜಾಗದಲ್ಲಿ ಕೂತಿತು, ಚೆಂಡು ಅಲ್ಲಿಗೇ ಬಂತು. ಡುವಾರ್ಟೆ ನಕ್ಕ. ಆ ವಾರದಲ್ಲಿ ನಾನು ಕೇಳಿದ ಮೊದಲ ನಗು. ಅಪ್ಪ ಏನೋ ಹೇಳಿದರು. ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ, ಅವನಾಗಿಯೇ ಹೇಳಿದ:

"ಇಷ್ಟು ವರ್ಷ ನಾನು ಚೆಂಡು ನೋಡ್ತಿದ್ದೆ, ನಿನ್ನನ್ನ ನೋಡಿರ್ಲಿಲ್ಲ ಅಂತಿದ್ದಾರೆ."

ನಮ್ಮ ತಂಡ ಸೋತಿತು.

ಅವನ ಎಡಗಣ್ಣಿನ ನಡುದೃಷ್ಟಿ ಉಳಿಯಿತು. ಬದಿಯ ಕತ್ತಲು ಪೂರ್ತಿ ಹೋಗಲಿಲ್ಲ. ಇನ್ನು ಈ ಮಟ್ಟದ ಆಟ ಬೇಡವೆಂದು ಸರ್ಜನ್ ಹೇಳಿದರು. ವಿದಾಯದ ಪಂದ್ಯವೂ ಇಲ್ಲದೆ ಅವನ ವೃತ್ತಿ ಮುಗಿಯಿತು. ಊರಿಗೆ ಹೊರಡುವ ದಿನ ಕ್ಲಬ್ಬಿಗೆ ಬಂದು ಎಲ್ಲರನ್ನೂ ಅಪ್ಪಿಕೊಂಡ. ನನ್ನ ಕೈ ಮಾತ್ರ ಕುಲುಕಿ ಹೊರಟ. ಅವನ ತಪ್ಪೆಂದು ನಾನು ಹೇಳಲಾರೆ. ನೀವು ಸರಿಯಾದದ್ದನ್ನು ಮಾಡಿದಿರೆಂದು ಎಲ್ಲರೂ ನಿಮ್ಮನ್ನು ಪ್ರೀತಿಸಬೇಕಾಗಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎಷ್ಟೋ ಬೆಳಗ್ಗೆ ನನ್ನ ಮಂಚದ ಮೇಲೆ ಬೇರೆಯವರ ಮಂಡಿ ಬಗ್ಗಿಸುತ್ತ, ನಮ್ಮೂರ ಯಾವುದೋ ಮಾತು ನೆನಪಾಗಿ, ಇದು ಅವರದೋ ನಮ್ಮದೋ ಎಂದು ಡುವಾರ್ಟೆಯನ್ನು ಕೇಳಬೇಕೆನ್ನಿಸಿ ಸುಮ್ಮನಾಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವನು ಇಲ್ಲಿಗೇ ಮರಳಿ ಬಂದು ಹುಡುಗಿಯರ ತಂಡವೊಂದಕ್ಕೆ ಕೋಚ್ ಆಗಿದ್ದಾನೆಂದು ಕೇಳಿದ್ದೆ. ನಾನು ಹೋಗಿ ಕಾಣಲಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಬೀಳ್ಕೊಡುಗೆಗೆ ಯಾರೂ ಹೇಳದೆ ಅವನೇ ಬಂದ. ಕೂದಲು ನೆರೆತಿತ್ತು. ಅಪ್ಪ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರೆಂದು ಹೇಳಿದ. ಇಬ್ಬರೂ ಮೈದಾನದ ಅಂಚಿನ ಬೆಂಚಿನ ಮೇಲೆ ಕೂತೆವು. ಅವನು ನನ್ನನ್ನು ತನ್ನ ಬಲಕ್ಕೆ ಕೂರಿಸಿಕೊಂಡ.

"ಆಪರೇಶನ್ ಆದ ವಾರಾನೇ ಸರ್ಜನ್‌ನ ಕೇಳಿದ್ದೆ," ಅಂದ. "ಆ ಶನಿವಾರ ಆಡಿದ್ರೆ ಏನಾಗ್ತಿತ್ತು ಅಂತ. ಕಣ್ಣು ಉಳೀತಿರ್ಲಿಲ್ಲ ಅಂದ್ರು. ಅವತ್ತೇ ಗೊತ್ತಿತ್ತು ನಂಗೆ. ನಿಮಗೆ ಹೇಳೋಕೆ ಮಾತ್ರ ಇಷ್ಟು ವರ್ಷ ಬೇಕಾಯ್ತು."

ನಾನು ತಲೆಯಾಡಿಸಿದೆ.

"ಆದ್ರೂ ಆ ಪಂದ್ಯ ನಾನು ಇನ್ನೂ ಆಡ್ತಾನೇ ಇದೀನಿ ವಿಝಾಯ. ವಾರಕ್ಕೆ ಒಂದ್ಸಲನಾದ್ರೂ ಕನಸಲ್ಲಿ ಬರುತ್ತೆ. ಎರಡೂ ಕಣ್ಣು ಚೆನ್ನಾಗಿರುತ್ವೆ."

"ಗೆಲ್ತೀಯಾ?" ಎಂದು ಕೇಳಿದೆ.

ಅವನು ಮೈದಾನದ ನಡುವನ್ನೇ ನೋಡಿದ.

"ಗೊತ್ತಿಲ್ಲ," ಅಂದ. "ಅಪ್ಪ ಮುಂದಿನ ಸಾಲಲ್ಲಿ ಕೂತಿರ್ತಾರೆ. ನಾನು ಸ್ಕೋರ್ ನೋಡೋದೇ ಇಲ್ಲ."